ನೆನಪಿನ ವಹಿ: ಶಿಕ್ಷಕರ ಆತ್ಮಾವಲೋಕನಕ್ಕೊಂದು ಸಾಧನ

ಹಾಜರಿ ಪುಸ್ತಕ, ಪಾಠ ಟಿಪ್ಪಣಿ, ಮೌಲ್ಯಮಾಪನದ ದಾಖಲೆ ಇವೆಲ್ಲವನ್ನೂ ನಾವು ಪರರ ತಪಾಸಣೆಗಾಗಿ ಬರೆಯುತ್ತೇವೆ. ತಮಗಾಗಿಯೇ ಒಂದು ವಹಿಯನ್ನಿಟ್ಟು ತರಗತಿಯ ನೆನಪುಗಳನ್ನು ಬರೆದುಕೊಳ್ಳುವ ಶಿಕ್ಷಕರು ವಿರಳ. ಅದರ ಪ್ರಯೋಜನವನ್ನು ನನ್ನದೇ ಒಂದು ತಪ್ಪಿನ ಮೂಲಕ ನಿವೇದಿಸುತ್ತೇನೆ.

ವೃತ್ತಿಯ ಆರಂಭದಲ್ಲಿ ನಾನು ಜತ್ತ ತಾಲೂಕಿನಲ್ಲಿ, ಶೇಗಾಂವದ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಕಲಿಸುತ್ತಿದ್ದೆ. ಮಳೆಯ ಅಭಾವವಿರುವ ಈ ತಾಲೂಕಿನಿಂದ ಅನೇಕ ಕುಟುಂಬಗಳು ದೀಪಾವಳಿಯ ಸುಮಾರಿಗೆ ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತವೆ. ಗಂಡಹೆಂಡಿರ ಜೋಡಿಯನ್ನು ಅಲ್ಲಿ ಒಂದು ‘ಕೊಯ್ತಾ’ ಎಂದು ಎಣಿಸುವುದುಂಟು. ಹಾಗೆ ಹೋಗಿ ಹೋಳಿಯ ಅನಂತರ ಮರಳಿದ ಹುಡುಗನೊಬ್ಬ ಪ್ರಬಂಧದಲ್ಲಿ “ನಾವು ಕೊಪಿಯಲ್ಲಿ ಮಲಗುತ್ತಿದ್ದೆವು” ಎಂದು ಬರೆದಿದ್ದ. ನಾನು ‘ಕೊಪಿ’ಯನ್ನು ಕೆಂಪು ಶಾಯಿಯಿಂದ ಹೊಡೆದು ‘ಕೋಣೆ’ ಎಂದು ತಿದ್ದಿದೆ. ಅವನು ಮಾತನಾಡದೆ ಪುಸ್ತಕ ತೆಗೆದುಕೊಂಡು ಹೋದ. ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ನನ್ನ ತಿದ್ದುಪಡಿಯೇ ಅದಕ್ಕೆ ಕಾರಣವೆನ್ನಲಾರೆ. ಕಾರಣಗಳು ಬೇರೆಯೂ ಇದ್ದವು.

ಬಹಳ ವರ್ಷಗಳ ಮೇಲೆ, ತರಬೇತಿಗಾಗಿ ಸಂಚರಿಸುವಾಗ, ಕಬ್ಬಿನ ಹೊಲದ ಬದಿಯಲ್ಲಿ ಸೋಗೆಯ ಗುಡಿಸಲುಗಳ ಸಾಲನ್ನು ಕಂಡು ಇವೇನೆಂದು ಕೇಳಿದೆ. “ಕೊಪಿ ರೀ” ಎಂದಳು ಒಬ್ಬ ತಾಯಿ. ಮನೆಗೆ ಬಂದು ಹಳೆಯ ವಹಿಯನ್ನು ತೆರೆದೆ. ಅಂದಿನ ದಿನಾಂಕದ ಕೆಳಗೆ ನನ್ನದೇ ಅಕ್ಷರ: “ಕಾಗುಣಿತ ಬಾರದು. ತಿದ್ದಿಕೊಟ್ಟೆ.” ಆ ಸಾಲು ಇರದಿದ್ದರೆ ಆ ವರ್ಷದ ಬಗ್ಗೆ ನನಗುಳಿದಿದ್ದ ನೆನಪು ಒಂದೇ: ಪ್ರತಿ ಮಗುವಿನ ಪ್ರಬಂಧವನ್ನೂ ಶ್ರದ್ಧೆಯಿಂದ ತಿದ್ದುತ್ತಿದ್ದೆ ಎಂಬುದು. ಅದನ್ನು ನಾನು ತರಬೇತಿಗಳಲ್ಲಿ ಮಾದರಿಯೆಂದು ಹೇಳಿದ್ದೂ ಉಂಟು!

ಮನಸ್ಸಿನ ಈ ಗುಣವನ್ನು ಕೇಂಬ್ರಿಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಕಾಲಾಂತರದಲ್ಲಿ ಮತ್ತೆ ಮತ್ತೆ ಹೇಳಿಸಿದಾಗ, ಅಪರಿಚಿತ ವಿವರಗಳು ಕಳಚಿಹೋಗಿ ಪರಿಚಿತವಾದವು ಆ ಸ್ಥಾನಕ್ಕೆ ಬಂದವು. ಆ ಜನರ ಕಿರುದೋಣಿಯ ಹೆಸರು ಹೋಗಿ ಸಾಮಾನ್ಯ ದೋಣಿಯಾಯಿತು. ಕೊಪಿ ಕೋಣೆಯಾದದ್ದೂ ಹೀಗೆಯೇ. ವ್ಯತ್ಯಾಸವಿಷ್ಟೆ, ನಾನು ಬದಲಿಸಿದ್ದು ಇನ್ನೊಬ್ಬನ ನೆನಪನ್ನು.

ಆದುದರಿಂದ ವಹಿಯಲ್ಲಿ ಅಭಿಪ್ರಾಯಕ್ಕಿಂತ ಮೊದಲು ಮಗು ಆಡಿದ ಮಾತನ್ನು, ಅದರ ನುಡಿಯಲ್ಲಿಯೇ, ದಿನಾಂಕದೊಡನೆ ಬರೆಯಬೇಕು. “ತರಗತಿ ಚೆನ್ನಾಗಿ ನಡೆಯಿತು” ಎಂಬಂಥ ವಾಕ್ಯದಿಂದ ಮುಂದೆ ಯಾವ ಉಪಯೋಗವೂ ಆಗದು. ಎಡಪುಟದಲ್ಲಿ ಮಾತ್ರ ಬರೆದು ಬಲಪುಟವನ್ನು ಖಾಲಿ ಬಿಡಿರಿ. ಆರು ತಿಂಗಳ ಮೇಲೋ ವರ್ಷದ ಮೇಲೋ ಓದಿದಾಗ ತೋರಿದ್ದನ್ನು ಅಲ್ಲಿ ಸೇರಿಸಿರಿ. ಹಳೆಯ ಬರಹವನ್ನು, ಅದು ಎಷ್ಟೇ ನಾಚಿಕೆ ತಂದರೂ, ಅಳಿಸಬಾರದು. ಮಕ್ಕಳ ಪೂರ್ಣ ಹೆಸರು ಬೇಡ. ಮೇಲಧಿಕಾರಿಗಳಿಗೆ ತೋರಿಸುವ ಉದ್ದೇಶವಂತೂ ಬೇಡವೇ ಬೇಡ. ತೋರಿಸಲೆಂದು ಬರೆದ ಕೂಡಲೆ ನಾವು ಜಾಣರಾಗಿಬಿಡುತ್ತೇವೆ.

ನಮ್ಮ ಗಡಿಭಾಗದ ಮಕ್ಕಳ ಮಾತಿನಲ್ಲಿ ಕನ್ನಡ, ಮರಾಠಿ ಬೆರೆತಿರುತ್ತವೆ. ಅರ್ಥವಾಗದ ಪದ ಬಂದಲ್ಲಿ ಕೆಂಪು ಗೆರೆಗೆ ಬದಲಾಗಿ ಅಂಚಿನಲ್ಲಿ ಪೆನ್ಸಿಲಿನಿಂದ “ಇದು ಏನು?” ಎಂದು ಬರೆದು, ಮಗು ಕೊಟ್ಟ ಉತ್ತರವನ್ನು ವಹಿಯಲ್ಲಿ ನಮೂದಿಸಿಕೊಳ್ಳಬಹುದು. ಟೋಳಿಗಳು ಊರಿಗೆ ಮರಳುವ ಮಾರ್ಚ್, ಏಪ್ರಿಲ್ ತಿಂಗಳುಗಳು ಇದನ್ನು ಆರಂಭಿಸಲು ತಕ್ಕ ಕಾಲ.