ಬಂದೂಕಿನ ಹಿಂಸೆ: ಅರಿವು, ತಡೆ ಮತ್ತು ಸಮುದಾಯದ ಹೊಣೆ

ಹಿಂಸೆಯ ಸರಪಳಿ

ಜನ್ನನ ‘ಯಶೋಧರ ಚರಿತೆ’ಯನ್ನು ಅಭ್ಯಸಿಸಿದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ‘ಸಂಕಲ್ಪಹಿಂಸೆ’ ಎಂಬ ಮಾತು ಪರಿಚಿತವಾದುದು. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಅಲ್ಲಿತ್ತು. ಅದರ ಫಲವಾಗಿ ತಾಯಿಮಗ ಇಬ್ಬರೂ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲುತ್ತ, ಕೊಲೆಯಾಗುತ್ತ ತೊಳಲುತ್ತಾರೆ. ಈ ಸರಪಳಿ ಮುರಿಯುವುದು ಇನ್ನೊಂದು ಆಯುಧದಿಂದಲ್ಲ. ಬಲಿಗೆಂದು ಮಾರಿಗುಡಿಗೆ ಹಿಡಿದು ತಂದ ಅಭಯರುಚಿ ತನ್ನ ಹಿಂದಿನ ಕಥೆಯನ್ನು ಹೇಳುತ್ತಾನೆ. ಬಲಿಗೆ ಸಿದ್ಧನಾಗಿದ್ದ ಮಾರಿದತ್ತ ಅದನ್ನು ಕೇಳಿ ಹಿಂಸೆಯನ್ನೇ ತೊರೆಯುತ್ತಾನೆ. ಹಿಂಸೆಯನ್ನು ಉಂಡವನು ಹಿಂಸೆಗೆ ಕೈಯೆತ್ತಿದವನ ಎದುರು ನಿಂತು ಮಾತನಾಡುವುದು ಈ ಕಾವ್ಯದ ಮುಖ್ಯ ಘಟನೆ.

ಎಂಟು ಶತಮಾನಗಳ ಹಿಂದಿನ ಈ ಕಾವ್ಯದ ತಿಳಿವಳಿಕೆಯನ್ನು ಬೇರೊಂದು ದಾರಿಯಿಂದ ಬಂದು ಮುಟ್ಟಿದ ಪ್ರಯತ್ನಗಳು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನಗರಗಳಲ್ಲಿ ನಡೆದವು. ಅಲ್ಲಿಯ ಆಯುಧ ಕತ್ತಿಯಲ್ಲ, ಬಂದೂಕು. ಆ ಪ್ರಯತ್ನಗಳ ಪರಿಚಯ ಮತ್ತು ಗಡಿಭಾಗದ ಬದುಕಿಗೆ ಅವುಗಳಿಂದ ಸಿಗುವ ಪಾಠ ಈ ಲೇಖನದ ವಿಷಯ.

ಹೆಸರು ಮತ್ತು ವಸ್ತು

ಮೊದಲು ಶಬ್ದಗಳನ್ನು ಗಮನಿಸಬೇಕು. ‘ಕೋವಿ’ ಎಂಬುದು ಕೊಳವೆ ಎಂಬ ಅರ್ಥದ ದ್ರಾವಿಡ ಪದ. ಗುಂಡು ಹಾರುವ ನಳಿಗೆಯಿಂದಾಗಿ ಆಯುಧಕ್ಕೆ ಆ ಹೆಸರು ನಿಂತಿತು. ‘ಬಂದೂಕು’ ಅರಬ್ಬಿ-ಪಾರಸಿ ಮೂಲದಿಂದ, ‘ತುಪಾಕಿ’ ತುರ್ಕಿ ಮೂಲದಿಂದ, ಮರಾಠಿಯಲ್ಲಿ ಬಳಕೆಯಲ್ಲಿರುವ ‘ಕಾಡತೂಸ’ ಪೋರ್ತುಗೀಜಿನಿಂದ ಬಂದವು. ಆಯುಧ ಯಾರ ಕೈಯಿಂದ ಬಂದಿತೋ ಅವರ ಮಾತೂ ಜೊತೆಗೆ ಬಂದಿತು. ಕಳ್ಳತನದಿಂದ ತಯಾರಾದ ಆಯುಧಕ್ಕೆ ಇಂದಿನ ಕನ್ನಡ ಪತ್ರಿಕೆಗಳು ‘ನಾಡಪಿಸ್ತೂಲು’, ‘ಕಂಟ್ರಿ ಪಿಸ್ತೂಲು’ ಎನ್ನುತ್ತವೆ. ಮರಾಠಿ ಪತ್ರಿಕೆಗಳು ‘ಗಾವಠಿ ಕಟ್ಟಾ’ ಎನ್ನುತ್ತವೆ. ಎರಡೂ ಭಾಷೆಗಳಲ್ಲಿ ಆ ಮಾತು ಬಳಕೆಗೆ ಬಂದಿದೆ ಎಂಬುದೇ ಆ ವಸ್ತು ನಮ್ಮ ಸೀಮೆಗೆ ಅಪರಿಚಿತವಲ್ಲ ಎಂಬುದಕ್ಕೆ ಸಾಕ್ಷಿ.

ಹಿಂಸೆಯ ಬಗೆಗಳು

‘ಬಂದೂಕಿನ ಹಿಂಸೆ’ ಎಂದೊಡನೆ ಒಬ್ಬನು ಮತ್ತೊಬ್ಬನಿಗೆ ಗುಂಡಿಕ್ಕುವ ಚಿತ್ರವೇ ಕಣ್ಣಿಗೆ ಬರುತ್ತದೆ. ಅಂಕಿಗಳು ಬೇರೆ ಮಾತು ಹೇಳುತ್ತವೆ. 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಕೊಲೆಯಾದವರು 20,958; ಆತ್ಮಹತ್ಯೆ ಮಾಡಿಕೊಂಡವರು 26,328. ಅರ್ಧಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಹಗೆಯಲ್ಲ, ಹತಾಶೆ. ಆದ್ದರಿಂದ ಈ ಹಿಂಸೆಯನ್ನು ಬಗೆಬಗೆಯಾಗಿ ವಿಂಗಡಿಸಿ ನೋಡುವುದು ಅವಶ್ಯ.

ಮೊದಲನೆಯದು ಆತ್ಮಹತ್ಯೆ. ಎರಡನೆಯದು ಗುಂಪುಗಳ ನಡುವಿನ ಸೇಡು. ಇಂದು ಸತ್ತವನ ತಮ್ಮ ನಾಳೆ ಕೊಲ್ಲುವವನಾಗುತ್ತಾನೆ. ಮೂರನೆಯದು ಮನೆಯೊಳಗಿನ ಹಿಂಸೆ; ಆಯುಧವಿರುವ ಮನೆಯಲ್ಲಿ ಜಗಳ ಬೇಗನೆ ಕೊಲೆಯ ಹಂತಕ್ಕೆ ಮುಟ್ಟುತ್ತದೆ. ನಾಲ್ಕನೆಯದು ಸಾಮೂಹಿಕ ಹತ್ಯೆ. ಐದನೆಯದು ಮುಂದಾಗಿ ಯೋಜಿಸಿದ ಹತ್ಯೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಳಕರ, 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಈ ಬಗೆಯ ಹಿಂಸೆಗೆ ಬಲಿಯಾದರು. ಆರನೆಯದು ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವುದು. ‘ಯಶೋಧರ ಚರಿತೆ’ಯಲ್ಲಿ ಯಶೋಮತಿ ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲೆಂದು ಬಾಣ ಬಿಡುತ್ತಾನೆ, ಸಾಯುವುದು ಕೋಳಿಗಳ ಜನ್ಮದಲ್ಲಿದ್ದ ಅವನ ತಂದೆ ಮತ್ತು ಅಜ್ಜಿ. ಆಯುಧದ ಪ್ರದರ್ಶನ ಯಾರನ್ನು ಕೊಲ್ಲುತ್ತದೆ ಎಂಬುದು ಪ್ರದರ್ಶಿಸುವವನಿಗೆ ಗೊತ್ತಿರುವುದಿಲ್ಲ.

ಬಗೆ ಬೇರೆಯಾದರೆ ತಡೆಯುವ ದಾರಿಯೂ ಬೇರೆ. ಸೇಡಿನ ಕೊಲೆಗೆ ಸಲ್ಲುವ ಉಪಾಯ ಆತ್ಮಹತ್ಯೆಗೆ ಸಲ್ಲುವುದಿಲ್ಲ.

ಬಾಸ್ಟನ್ನಿನ ಪಾಠ

1990ರ ದಶಕದ ಆರಂಭದಲ್ಲಿ ಬಾಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಹದಿಹರೆಯದವರ ಕೈಗೆ ಪಿಸ್ತೂಲು ಬಂದಿತ್ತು. 1992ರಲ್ಲಿ ಒಬ್ಬ ತರುಣನ ಅಂತ್ಯಸಂಸ್ಕಾರ ಚರ್ಚಿನಲ್ಲಿ ನಡೆಯುತ್ತಿದ್ದಾಗ ವಿರೋಧಿ ಗುಂಪಿನವರು ಒಳನುಗ್ಗಿ ಹಲ್ಲೆ ನಡೆಸಿದರು. ದೇವರ ಮನೆಯೂ ಹಗೆಗೆ ಹೊರತಲ್ಲ ಎಂದು ಕಂಡ ಮೇಲೆ ಅಲ್ಲಿಯ ಪಾದ್ರಿಗಳು ಚರ್ಚಿನ ಬಾಗಿಲು ಹಾಕಿ ಒಳಗೆ ಕೂಡಲಿಲ್ಲ. ‘ಟೆನ್ ಪಾಯಿಂಟ್ ಕೋಯಲಿಷನ್’ ಎಂಬ ಕೂಟ ಕಟ್ಟಿ, ರಾತ್ರಿಯ ಹೊತ್ತು ಬೀದಿಗಿಳಿದು ಹುಡುಗರೊಡನೆ ಮಾತಿಗೆ ತೊಡಗಿದರು.

ಇದೇ ವೇಳೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪೊಲೀಸರು ಮತ್ತು ಬೀದಿ ಕಾರ್ಯಕರ್ತರ ಜೊತೆ ಕೂತು ಕೊಲೆಗಳ ಲೆಕ್ಕ ತೆಗೆದರು. ಇಡೀ ಬಡಾವಣೆಯೇ ಅಪರಾಧಿ ಎಂಬ ಸಾಮಾನ್ಯ ಗ್ರಹಿಕೆ ಸುಳ್ಳಾಯಿತು. ನಗರದ ಆ ವಯಸ್ಸಿನವರಲ್ಲಿ ಶೇಕಡ 1ಕ್ಕಿಂತ ಕಡಿಮೆ, ಸುಮಾರು 1,300 ಮಂದಿ, ಸುಮಾರು 60 ಗುಂಪುಗಳಲ್ಲಿ ಸೇರಿಕೊಂಡಿದ್ದರು. ತರುಣರ ಕೊಲೆಗಳಲ್ಲಿ ಕನಿಷ್ಠ ಶೇಕಡ 60ರಷ್ಟು ಈ ಗುಂಪುಗಳ ಹಗೆಗೆ ಸಂಬಂಧಿಸಿದ್ದವು. ಕೊಂದವರೂ ಸತ್ತವರೂ ಒಂದೇ ಚಿಕ್ಕ ವರ್ತುಲದವರು. ಹಲವರು ಆಯುಧ ಹಿಡಿದದ್ದು ಹೆದರಿಕೆಯಿಂದ. ಎದುರಿನವನ ಬಳಿ ಇದೆ, ಆದ್ದರಿಂದ ತನಗೂ ಬೇಕು ಎಂಬ ಭಾವದಿಂದ.

1996ರಲ್ಲಿ ‘ಆಪರೇಷನ್ ಸೀಸ್‌ಫೈರ್’ ಆರಂಭವಾಯಿತು. ಗುಂಪುಗಳ ಸದಸ್ಯರನ್ನು ಸಭೆಗೆ ಕರೆದು ಪೊಲೀಸರು, ಪಾದ್ರಿಗಳು, ಬೀದಿ ಕಾರ್ಯಕರ್ತರು ಒಟ್ಟಾಗಿ ನೇರವಾಗಿ ಎರಡು ಮಾತು ಹೇಳಿದರು. ಕೊಲೆ ನಿಲ್ಲಬೇಕು, ಒಬ್ಬನು ಗುಂಡು ಹಾರಿಸಿದರೂ ಕಾನೂನಿನ ಕಣ್ಣು ಇಡೀ ಗುಂಪಿನ ಮೇಲೆ ಬೀಳುತ್ತದೆ ಎಂಬುದು ಒಂದು. ಈ ದಾರಿ ಬಿಡುವವನಿಗೆ ಓದು, ಕೆಲಸ, ನೆರವು ಸಿಗುತ್ತದೆ ಎಂಬುದು ಮತ್ತೊಂದು. 1991ರಿಂದ 1995ರವರೆಗೆ 24 ವರ್ಷದೊಳಗಿನವರ ಕೊಲೆಗಳ ವಾರ್ಷಿಕ ಸರಾಸರಿ 44 ಇದ್ದದ್ದು 1996ರಲ್ಲಿ 26ಕ್ಕೆ, 1997ರಲ್ಲಿ 15ಕ್ಕೆ ಇಳಿಯಿತು. ಅದೇ ಕಾಲದಲ್ಲಿ ಅಮೆರಿಕದ ಇತರ ನಗರಗಳಲ್ಲಿಯೂ ಕೊಲೆಗಳು ಕಡಿಮೆಯಾಗುತ್ತಿದ್ದವು. ಆದ್ದರಿಂದ ಇಳಿಕೆಯ ಪೂರ್ಣ ಶ್ರೇಯಸ್ಸನ್ನು ಈ ಯೋಜನೆಗೇ ಕೊಡಲಾಗದು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆದರೆ 2000ದ ಹೊತ್ತಿಗೆ ಯೋಜನೆಯನ್ನು ಕೈಬಿಟ್ಟ ಮೇಲೆ ಕೊಲೆಗಳು ಮತ್ತೆ ಏರಿದವು. 2007ರಲ್ಲಿ ಅದನ್ನು ಪುನಃ ಆರಂಭಿಸಬೇಕಾಯಿತು. ಶಾಂತಿ ಒಮ್ಮೆ ಕಟ್ಟಿ ಮರೆಯುವ ಗೋಡೆಯಲ್ಲ, ವರ್ಷವರ್ಷ ಸಾರಿಸಬೇಕಾದ ನೆಲ.

ಶಿಕಾಗೋದ ಪಾಠ

ಗ್ಯಾರಿ ಸ್ಲಟ್ಕಿನ್ ಸಾಂಕ್ರಾಮಿಕ ರೋಗಗಳ ವೈದ್ಯರು. ಆಫ್ರಿಕಾದಲ್ಲಿ ಕ್ಷಯ, ಕಾಲರಾ, ಏಡ್ಸ್ ರೋಗಗಳ ತಡೆಗೆ ದುಡಿದು 1990ರ ದಶಕದ ನಡುವಿನಲ್ಲಿ ಶಿಕಾಗೋಕ್ಕೆ ಮರಳಿದಾಗ, ನಗರದ ಕೊಲೆಗಳು ನಡೆದ ಜಾಗಗಳ ನಕಾಶೆ ಅವರಿಗೆ ರೋಗ ಹರಡಿದ ನಕಾಶೆಯಂತೆ ಕಂಡಿತು. ಒಂದು ಪ್ರಕರಣದ ಬೆನ್ನಿಗೆ ಅಲ್ಲಿಯೇ ಮತ್ತೊಂದು. ಹಿಂಸೆಯೂ ಅಂಟುರೋಗವಾದರೆ ಅದನ್ನು ಅಂಟುರೋಗದಂತೆಯೇ ತಡೆಯಬೇಕು ಎಂಬುದು ಅವರ ತರ್ಕ: ಹರಡುವ ಮುನ್ನ ತಡೆ, ಅಪಾಯದಲ್ಲಿರುವವರ ಆರೈಕೆ, ಊರಿನ ರೂಢಿಯಲ್ಲಿ ಬದಲಾವಣೆ.

2000ದಲ್ಲಿ ಅವರ ಯೋಜನೆ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಕೆಲಸ ಆರಂಭಿಸಿತು. ಅದರ ವೈಶಿಷ್ಟ್ಯ ‘ಹಿಂಸಾತಡೆಗಾರರು’. ಇವರಲ್ಲಿ ಅನೇಕರು ಒಂದು ಕಾಲಕ್ಕೆ ಗುಂಪುಗಳಲ್ಲಿದ್ದವರು, ಸೆರೆಮನೆ ಕಂಡವರು. ಬಡಾವಣೆಯಲ್ಲಿ ಯಾರ ನಡುವೆ ಹಗೆ ಕುದಿಯುತ್ತಿದೆ ಎಂಬುದು ಇವರ ಕಿವಿಗೆ ಮೊದಲು ಬೀಳುತ್ತದೆ. ಗುಂಡೇಟು ತಿಂದವನ ಹಾಸಿಗೆಯ ಬಳಿಗೆ, ಆಸ್ಪತ್ರೆಯ ಅಂಗಳದಲ್ಲಿ ಸೇಡಿನ ಮಾತಾಡುತ್ತ ನಿಂತ ಗೆಳೆಯರ ಬಳಿಗೆ ಹೋಗಿ, ಆ ರಾತ್ರಿಯೊಂದು ಕಳೆಯಲಿ ಎಂದು ಅವರನ್ನು ತಡೆದು ಕೂಡಿಸುವುದು ಇವರ ಕೆಲಸ. ಇವರು ಪೊಲೀಸರ ಮಾಹಿತಿದಾರರಲ್ಲ; ಆ ನಂಬಿಕೆ ಉಳಿದರೆ ಮಾತ್ರ ಇವರ ಮಾತಿಗೆ ಬೆಲೆ. 2011ರ ‘ದಿ ಇಂಟರಪ್ಟರ್ಸ್’ ಎಂಬ ಸಾಕ್ಷ್ಯಚಿತ್ರ ಇವರನ್ನು ಕುರಿತದ್ದು. ಅಭಯರುಚಿ ಮಾರಿದತ್ತನ ಎದುರು ಮಾಡಿದ ಕೆಲಸವನ್ನೇ ಇವರು ಬೀದಿಯಲ್ಲಿ ಮಾಡುತ್ತಾರೆ. ಈ ವಿಧಾನದ ಫಲ ಎಲ್ಲ ಬಡಾವಣೆಗಳಲ್ಲಿಯೂ ಒಂದೇ ಸಮನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 2015ರಲ್ಲಿ ಸರಕಾರದ ಹಣ ನಿಂತಾಗ ಶಿಕಾಗೋದ ಬಹುಪಾಲು ಕೇಂದ್ರಗಳ ಕೆಲಸವೂ ನಿಂತಿತು.

ತಾಯ್ತಂದೆಯರು ಮತ್ತು ಅಂಗಡಿಕಾರರು

1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಪಟ್ಟಣದ ಪ್ರಾಥಮಿಕ ಶಾಲೆಗೆ ನುಗ್ಗಿದ ಒಬ್ಬನು 16 ಮಕ್ಕಳನ್ನೂ ಒಬ್ಬ ಶಿಕ್ಷಕಿಯನ್ನೂ ಕೊಂದನು. ಅವನ ಪಿಸ್ತೂಲುಗಳು ಪರವಾನಗಿ ಪಡೆದವೇ ಆಗಿದ್ದವು. ಊರವರು ಆ ಋತುವಿನಲ್ಲಿ ಅರಳುವ ‘ಸ್ನೋಡ್ರಾಪ್’ ಹೂವಿನ ಹೆಸರಿಟ್ಟು ಸಹಿಸಂಗ್ರಹ ನಡೆಸಿದರು. 7 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 1997ರಲ್ಲಿ ಬ್ರಿಟನ್ನಿನ ಸಂಸತ್ತು ಎರಡು ಕಾಯಿದೆಗಳ ಮೂಲಕ ಖಾಸಗಿಯವರು ಪಿಸ್ತೂಲು ಇಟ್ಟುಕೊಳ್ಳುವುದನ್ನು ಬಹುಮಟ್ಟಿಗೆ ನಿಷೇಧಿಸಿತು.

ಆತ್ಮಹತ್ಯೆಯ ತಡೆಗೆ ದಾರಿ ಬೇರೆ. ಸಾಯಬೇಕೆಂಬ ತೀವ್ರ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆಟುಕುವ ಸಾಧನ ಯಾವುದು ಎಂಬುದರ ಮೇಲೆ ಜೀವ ಉಳಿಯುವುದೋ ಹೋಗುವುದೋ ನಿಂತಿರುತ್ತದೆ. 2006ರಲ್ಲಿ ಇಸ್ರೇಲಿನ ಸೈನ್ಯ ವಾರದ ಕೊನೆಗೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಠಾಣ್ಯದಲ್ಲಿಯೇ ಬಿಟ್ಟು ಹೋಗಬೇಕೆಂದು ನಿಯಮ ಮಾಡಿತು. ತರುಣ ಸೈನಿಕರ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 40ರಷ್ಟು ಇಳಿಯಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 2009ರಲ್ಲಿ ಒಂದೇ ಅಂಗಡಿಯಿಂದ ಬಂದೂಕು ಕೊಂಡ ಮೂವರು ಒಂದು ವಾರದೊಳಗೆ ಅದರಿಂದಲೇ ಪ್ರಾಣ ಕಳೆದುಕೊಂಡರು. ಬಂದೂಕಿನ ವ್ಯಾಪಾರಿಗಳೂ ಆರೋಗ್ಯ ಕಾರ್ಯಕರ್ತರೂ ಒಂದಾಗಿ, ಗಿರಾಕಿಯ ಮುಖದಲ್ಲಿ ಸಂಕಟದ ಚಿಹ್ನೆ ಕಂಡರೆ ಮಾರಬಾರದು ಎಂಬ ತಿಳಿವಳಿಕೆಯನ್ನು ಅಂಗಡಿಗಳಲ್ಲಿ ಹರಡಿದರು. ಬಂದೂಕನ್ನು ಇಷ್ಟಪಡುವವರೂ ವಿರೋಧಿಸುವವರೂ ಒಂದು ಕೆಲಸಕ್ಕೆ ಕೂಡಿದ ಉದಾಹರಣೆ ಇದು.

ಭೀಮೆಯ ದಂಡೆ

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು 3ರಿಂದ 2ಕ್ಕೆ ಇಳಿಸಿತು; ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದವರಿಗೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಕಾಯಿದೆ ಹೀಗೆ ಕಟ್ಟುನಿಟ್ಟಾಗಿದ್ದರೂ ಕಳ್ಳದಾರಿಯ ನಾಡಪಿಸ್ತೂಲು ಉಳಿದಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಚಡಚಣ, ಅಫಜಲಪುರ ಸೀಮೆಯನ್ನು ಹಾಯ್ದು ಹೋಗುವ ಭೀಮಾ ನದಿಗೆ ವಾಹಿನಿಗಳೂ ಸಿನಿಮಾಗಳೂ ‘ಹಂತಕರು’ ಎಂಬ ಪದವನ್ನು ಅಂಟಿಸಿವೆ. ಕೆಲವು ಕುಟುಂಬಗಳ ಹಗೆ ಇಡೀ ನದಿಯ ಹೆಸರಾಯಿತು. ಬಾಸ್ಟನ್ನಿನ ಲೆಕ್ಕ ಇಲ್ಲಿ ನೆನಪಾಗಬೇಕು: ಕೊಲ್ಲುವವರು ಎಲ್ಲಿಯೂ ಬೆರಳೆಣಿಕೆಯವರು, ಕಳಂಕ ಹೊರುವವರು ಊರಿಗೆ ಊರೇ. ಇದೇ ನದಿಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ಅವುಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು. ತನ್ನ ಪಂಥವನ್ನು ಹೊಗಳುವಾಗಲೂ ಪರರ ಪಂಥವನ್ನು ಜರೆಯುವಾಗಲೂ ನಾಲಗೆಗೆ ಹಿಡಿತವಿರಬೇಕೆಂಬುದು ಅದರ ಆಶಯ. ಮಾತಿನ ಕಾರಣಕ್ಕೆ ಗುಂಡಿಗೆ ಬಲಿಯಾದ ವಚನ ಸಂಶೋಧಕ ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲ್ಲೂಕಿನಲ್ಲಿ. ಭೀಮೆಯ ಸೀಮೆಯನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದನ್ನು ತೀರ್ಮಾನಿಸುವವರು ಬರೆಯುವವರು, ಓದುವವರು.

ಹಗೆ ಮೊದಲು ಹುಟ್ಟುವುದು ಹೊಲದ ಬದುವಿನಲ್ಲಿ, ಬಾವಿಯ ನೀರಿನ ಪಾಳಿಯಲ್ಲಿ, ಪಂಚಾಯಿತಿಯ ಚುನಾವಣೆಯಲ್ಲಿ. ಮಹಾರಾಷ್ಟ್ರ ಸರಕಾರ 2007ರ ಆಗಸ್ಟ್ 15ರಂದು ಆರಂಭಿಸಿದ ‘ಮಹಾತ್ಮಾ ಗಾಂಧಿ ತಂಟಾಮುಕ್ತ ಗಾವ ಮೋಹಿಮ’ ಈ ಹಂತದಲ್ಲಿಯೇ ತಂಟೆಯನ್ನು ಬಗೆಹರಿಸಲು ಊರಿನವರ ಸಮಿತಿಗಳನ್ನು ರಚಿಸಿತು. ಶಿಕಾಗೋದ ತಡೆಗಾರರಿಗೂ ಈ ಸಮಿತಿಗಳಿಗೂ ತತ್ತ್ವ ಒಂದೇ: ಜಗಳ ಆಯುಧಕ್ಕೆ ಮುಟ್ಟುವ ಮುನ್ನ, ಎರಡೂ ಕಡೆಯವರು ನಂಬುವವರು ನಡುವೆ ಬಂದು ನಿಲ್ಲಬೇಕು. ಇಂತಹ ಸಮಿತಿ ಕಾಗದದ ಮೇಲಷ್ಟೇ ಉಳಿಯಿತೇ ಅಥವಾ ಕೆಲಸ ಮಾಡಿತೇ ಎಂಬುದನ್ನು ಪ್ರತಿಯೊಂದು ಊರೂ ತನ್ನಲ್ಲಿಯೇ ಕೇಳಿಕೊಳ್ಳಬೇಕು.

ವಿದ್ಯಾರ್ಥಿಗಳ ಪಾಲು

ತರುಣರು ಆಯುಧ ಹಿಡಿದು ತೆಗೆಸಿಕೊಂಡ ಚಿತ್ರವನ್ನು ಮೊಬೈಲಿನಲ್ಲಿ ಮುಂದೆ ಕಳಿಸದಿರುವುದು ಮೊದಲ ಹೆಜ್ಜೆ. ಕೊಲೆಗಾರನಿಗೆ ಬಿರುದು ಕೊಟ್ಟು ಬರೆದ ಸುದ್ದಿಯನ್ನು, ಸತ್ತವನ ಮನೆಯವರನ್ನು ಮರೆತ ಸುದ್ದಿಯನ್ನು ಗುರುತಿಸಿ ಪ್ರಶ್ನಿಸುವುದು ಭಾಷೆಯ ವಿದ್ಯಾರ್ಥಿಗೆ ಸಲ್ಲುವ ಕೆಲಸ. ಗೆಳೆಯನೊಬ್ಬ ಸೇಡಿನ ಮಾತಾಡಿದಾಗ ಅಥವಾ ಬದುಕು ಸಾಕೆಂದಾಗ ಅದನ್ನು ಹಗುರವಾಗಿ ಬಿಡದೆ, ಅವನೊಬ್ಬನನ್ನೇ ಬಿಡದೆ, ಹಿರಿಯರ ಅಥವಾ ವೈದ್ಯರ ಗಮನಕ್ಕೆ ತರಬೇಕು. ಆಯುಧ ಕಣ್ಣಿಗೆ ಬಿದ್ದರೆ ತಾನೇ ಮುಟ್ಟದೆ, ನಂಬಿಕೆಯ ಹಿರಿಯರ ಮೂಲಕ ಪೊಲೀಸರಿಗೆ ತಿಳಿಸಬೇಕು.

ಅಭ್ಯಾಸ

1. ‘ಯಶೋಧರ ಚರಿತೆ’ಯ ಸಂಕಲ್ಪಹಿಂಸೆಯ ಕಲ್ಪನೆಯನ್ನು ಇಂದಿನ ಸೇಡಿನ ಕೊಲೆಗಳೊಡನೆ ಹೋಲಿಸಿ ಬರೆಯಿರಿ.
2. ಬಾಸ್ಟನ್ ಮತ್ತು ಶಿಕಾಗೋ ಪ್ರಯತ್ನಗಳಲ್ಲಿ ಪೊಲೀಸರ ಪಾತ್ರ ಹೇಗೆ ಭಿನ್ನವಾಗಿದೆ? ಕಾರಣಗಳನ್ನು ವಿವರಿಸಿರಿ.
3. ಒಂದೇ ಗುಂಡಿನ ದಾಳಿಯ ಸುದ್ದಿಯನ್ನು ಒಂದು ಕನ್ನಡ, ಒಂದು ಮರಾಠಿ ಪತ್ರಿಕೆಯಲ್ಲಿ ಓದಿ, ಕೊಂದವನಿಗೂ ಸತ್ತವನಿಗೂ ಬಳಸಿದ ವಿಶೇಷಣಗಳನ್ನು ಪಟ್ಟಿ ಮಾಡಿರಿ.
4. ನಿಮ್ಮ ಊರಿನಲ್ಲಿ ಹಿರಿಯರು ನಡುವೆ ಬಂದು ಬಗೆಹರಿಸಿದ ಒಂದು ಬದುವಿನ ಅಥವಾ ನೀರಿನ ತಂಟೆಯ ವಿವರವನ್ನು, ಹೆಸರುಗಳನ್ನು ಬಿಟ್ಟು, ಕೇಳಿ ಬರೆದುಕೊಂಡು ಬನ್ನಿರಿ.