ಪಾಠ ಮಾಡುವುದನ್ನು ನಾವು ಎಲ್ಲಿ ಕಲಿತೆವು?

ಪ್ರಾಥಮಿಕ ಶಾಲೆಯಲ್ಲಿ ಕಲಿಸಬೇಕೆಂದರೆ ಡಿ.ಎಡ್. ಆಗಿರಬೇಕು, ಟಿಇಟಿ ಪಾಸಾಗಿರಬೇಕು. ಹೈಸ್ಕೂಲಿಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಮಾತ್ರ ಸ್ನಾತಕೋತ್ತರ ಪದವಿ, ಅದರ ಜೊತೆ ನೆಟ್, ಕೆಸೆಟ್ ಅಥವಾ ಪಿಎಚ್.ಡಿ. ಇದ್ದರಾಯಿತು. ನೆಟ್, ಕೆಸೆಟ್‌ಗಳ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಕೆಲವು ಪ್ರಶ್ನೆಗಳು ಬರುತ್ತವೆ, ನಿಜ. ಆದರೆ ಹುಡುಗರ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಿ ಎಂದು ಆ ಪರೀಕ್ಷೆಗಳು ಕೇಳುವುದಿಲ್ಲ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಲು ನಿಂತಾಗ ನನಗೆ ಆಧಾರವಾಗಿದ್ದದ್ದು ನನ್ನ ಮೇಷ್ಟ್ರುಗಳು ಪಾಠ ಮಾಡಿದ ರೀತಿಯ ನೆನಪೊಂದೇ.

ಸೇವೆಗೆ ಸೇರಿದ ಮೇಲೆ ತರಬೇತಿ ಇದೆ. 1986ರ ಶಿಕ್ಷಣ ನೀತಿಯ ನಂತರ ಯುಜಿಸಿ ತೆರೆದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹೆಸರು ಬದಲಿಸಿಕೊಳ್ಳುತ್ತ ಇಂದು ಮಾಳವೀಯ ಮಿಷನ್ ಕೇಂದ್ರಗಳಾಗಿವೆ. ಅಂಥ ಒಂದು ರಿಫ್ರೆಶರ್ ಕೋರ್ಸಿನಲ್ಲಿ ಎರಿಕ್ ಮಜೂರ್ ಅವರ ಕೆಲಸ ನನಗೆ ಗೊತ್ತಾಯಿತು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಅವರು 1990ರ ಸುಮಾರಿಗೆ ಗಮನಿಸಿದ್ದಿಷ್ಟು: ಕಠಿಣ ಲೆಕ್ಕಗಳನ್ನು ಬಿಡಿಸುವ ವಿದ್ಯಾರ್ಥಿಗಳೇ ಬಲ, ಚಲನೆಗಳ ಸರಳ ಪ್ರಶ್ನೆಗೆ ತಡವರಿಸುತ್ತಿದ್ದರು. ಆಮೇಲೆ ಅವರು ಪಾಠದ ನಡುವೆ ಒಂದು ಪ್ರಶ್ನೆ ಹಾಕಿ, ಉತ್ತರ ಪಡೆದು, ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು, ಮತ್ತೊಮ್ಮೆ ಉತ್ತರ ಕೇಳುವ ಕ್ರಮ ತಂದರು.

ಇದನ್ನು ನನ್ನ ಬಿ.ಎಸ್ಸಿ. ಮೊದಲ ವರ್ಷದವರಿಗೆ ಮಾಡಿ ನೋಡಿದೆ. ಯಂತ್ರ ಬೇಕಿಲ್ಲ, ಹಳೇ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಎ, ಬಿ, ಸಿ, ಡಿ ಬರೆದುಕೊಂಡರೆ ಸಾಕು. ಪ್ರಶ್ನೆ ಹೀಗಿತ್ತು: ನೇರ ಮೇಲಕ್ಕೆ ಎಸೆದ ಕಲ್ಲು ಅತಿ ಎತ್ತರ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? ಮುಕ್ಕಾಲು ತರಗತಿ ಸೊನ್ನೆ ಎಂದು ಪತ್ರಿಕೆ ಎತ್ತಿತು. ಚಲನೆಯ ಸಮೀಕರಣಗಳನ್ನು ಒಂದಕ್ಷರ ತಪ್ಪದೆ ಬರೆಯುವ ಹುಡುಗರು ಇವರೇ. ಡಿಸ್ಕಸ್ ಮಾಡಿ ಎಂದೆ. ಯಾರೂ ಬಾಯಿ ಬಿಡಲಿಲ್ಲ. "ಇಂಗ್ಲಿಷ್ ಬ್ಯಾಡ, ಮನ್ಯಾಗ ಮಾತಾಡ್ದಂಗ ಮಾತಾಡ್ರಿ" ಎಂದ ಮೇಲೆ ಗದ್ದಲ ಶುರುವಾಯಿತು.

"ಮ್ಯಾಲ ಹೋಗಿ ನಿಂತ್ಬಿಡ್ತೈತಲ್ಲ, ಮತ್ತ ಸೊನ್ನೀನ ಅಲ್ಲೇನ?"

"ನಿಂತ್ರ ಅಲ್ಲೇ ಇರಬೇಕಿತ್ತಲ್ಲ. ಮತ್ತ ಕೆಳಗ್ಯಾಕ ಬರ್ತೈತಿ?"

ಮರುಪ್ರಶ್ನೆ ಹಾಕಿದ ಹುಡುಗಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ವೇಗ ಸೊನ್ನೆಯಾಗುವುದು ಬೇರೆ, ವೇಗ ಬದಲಾಗುವುದು ನಿಲ್ಲುವುದು ಬೇರೆ ಎಂಬುದನ್ನು ಅವಳು ತನ್ನ ಬೆಂಚಿನವರಿಗೆ ಬಿಡಿಸಿ ಹೇಳಿದಳು. ಎರಡನೇ ಸಲ ಪತ್ರಿಕೆ ಎತ್ತಿದಾಗ ಬಹುತೇಕರು 9.8ಕ್ಕೆ, ಕೆಳಮುಖ ಎಂಬ ಉತ್ತರಕ್ಕೆ ಬಂದಿದ್ದರು. ಅಂದಿನಿಂದ ನನ್ನ ತರಗತಿಯಲ್ಲಿ ಬರೆಯುವುದು ಇಂಗ್ಲಿಷಿನಲ್ಲಿ, ವಾದ ಮಾಡುವುದು ಕನ್ನಡದಲ್ಲಿ. ಹಳ್ಳಿಯಿಂದ ಬರುವ ಮಕ್ಕಳಿಗೆ ಇದು ರಿಯಾಯಿತಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಯೋಚನೆ ನಡೆಯುವ ಭಾಷೆಯಲ್ಲಿ ಯೋಚಿಸಲು ಬಿಡದೆ ವಿಜ್ಞಾನ ಕಲಿಸಲಾಗದು.

ಎಲ್ಲರಿಗೂ ಇದು ರುಚಿಸಲಿಲ್ಲ. "ಮೇಡಂ, ನೋಟ್ಸ್ ಯಾವಾಗ ಕೊಡ್ತೀರಿ?" ಎಂದು ಜಾಣ ಹುಡುಗರೇ ಕೇಳಿದರು. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಅಧ್ಯಯನವೊಂದು ಇಲ್ಲಿ ನನಗೆ ಧೈರ್ಯ ಕೊಟ್ಟಿತು. ತಾವೇ ತಲೆ ಓಡಿಸಬೇಕಾದ ತರಗತಿಯಲ್ಲಿ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದುಕೊಂಡಿದ್ದರು. ಈ ವಿಷಯವನ್ನು ಸೆಮಿಸ್ಟರಿನ ಮೊದಲ ವಾರವೇ ಹುಡುಗರ ಮುಂದಿಡುತ್ತೇನೆ. ಕಾರಣ ತಿಳಿದ ಮೇಲೆ ಅವರು ಸಹಕರಿಸುತ್ತಾರೆ.

ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಬರೀ ಉಪನ್ಯಾಸ ಕೇಳುವ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫೇಲಾಗುವ ಸಾಧ್ಯತೆ, ತರಗತಿಯಲ್ಲಿ ತಾವೇ ತಲೆ ಓಡಿಸಿ ಕಲಿಯುವವರಿಗೆ ಹೋಲಿಸಿದರೆ, ಒಂದೂವರೆ ಪಟ್ಟು ಎಂದು ಕಂಡಿತು. ಅದು ಶ್ರೀಮಂತ ದೇಶಗಳ ಮಾತು ಎನ್ನುವ ಸಹೋದ್ಯೋಗಿಗಳಿಗೆ ನಾನು ಬೇರೆ ಎರಡು ಅಧ್ಯಯನಗಳನ್ನು ತೋರಿಸುತ್ತೇನೆ. ಪ್ರಶಾಂತ್ ಲೋಯಲ್ಕಾ ತಂಡ ಭಾರತ, ಚೀನಾ, ರಷ್ಯಾ, ಅಮೆರಿಕಗಳ ಕಂಪ್ಯೂಟರ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ನಮ್ಮ ಹುಡುಗರು ಮೊದಲ ಎರಡು ವರ್ಷಗಳಲ್ಲಿ ಗಣಿತ, ಭೌತಶಾಸ್ತ್ರದಲ್ಲಿ ಮುಂದೆ ಹೋಗುತ್ತಾರೆ. ವಿಮರ್ಶಾತ್ಮಕ ಚಿಂತನೆ ಮಾತ್ರ ನಾಲ್ಕು ವರ್ಷ ಕಳೆದರೂ ಬೆಳೆಯುವುದಿಲ್ಲ. ಅಷ್ಟು ವರ್ಷ ಕಾಲೇಜಿನಲ್ಲಿ ಕೂತೂ ಬೆಳೆಯುವುದಿಲ್ಲ! ರುವಾಂಡಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರೆಬೆಕಾ ಶೆಂಡೆಲ್ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಬೋಧನೆ ಬದಲಾಗಿ ಫಲ ಕೊಡಬೇಕಾದರೆ ಇಡೀ ವಿಭಾಗದ ರೂಢಿ ಅದಕ್ಕೆ ಒತ್ತಾಸೆಯಾಗಬೇಕು ಎಂಬುದು ಅವರ ಬರಹಗಳಿಂದ ನಾನು ಕಲಿತ ಪಾಠ.

ಅದು ನನ್ನ ಅನುಭವವೂ ಹೌದು. ನಮ್ಮಂಥ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊರುವವರು ಅತಿಥಿ ಉಪನ್ಯಾಸಕರು. ತರಬೇತಿಯಾದರೋ ಹೆಚ್ಚಾಗಿ ಕಾಯಂ ನೌಕರರ ಪದೋನ್ನತಿಗೆ ಜೋಡಿಸಿದ್ದು. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲದ ಒಬ್ಬ ಯುವಕ ನನ್ನ ಜೊತೆ ಕೂತು ಹೊಸ ಪ್ರಶ್ನೆಗಳನ್ನು ಬರೆಯುತ್ತಾನೆ. ಅವನ ಶ್ರದ್ಧೆಗೆ ಸಂಬಳವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಇವರನ್ನು ತರಬೇತಿಗೆ ಕರೆಯಬೇಕು, ಆ ದಿನಗಳ ಗೌರವಧನವನ್ನೂ ಕೊಡಬೇಕು.

ಇನ್ನೊಂದು ಅಡ್ಡಿ ಪ್ರಶ್ನೆಪತ್ರಿಕೆ. ವ್ಯಾಖ್ಯಾನ ಬರೆಯಿರಿ, ಸಮೀಕರಣ ಸಾಧಿಸಿ ಎಂಬಲ್ಲಿಗೆ ಪತ್ರಿಕೆ ಮುಗಿದರೆ ಬಾಯಿಪಾಠ ಮಾಡುವ ಹುಡುಗನನ್ನು ದೂರಿ ಫಲವಿಲ್ಲ. ಪರೀಕ್ಷಾ ಮಂಡಳಿಗಳಲ್ಲಿ ಕೂರುವ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೆ: ಪ್ರತಿ ಪತ್ರಿಕೆಯಲ್ಲಿ 10 ಅಂಕಗಳನ್ನಾದರೂ 'ಏಕೆ' ಎಂದು ಕೇಳುವ ಪ್ರಶ್ನೆಗಳಿಗೆ ಮೀಸಲಿಡಿ, ಆ ಉತ್ತರವನ್ನು ಕನ್ನಡದಲ್ಲಿ ಬರೆಯಲೂ ಅವಕಾಶ ಕೊಡಿ.