ಬೋರ್ಡು ಹೇಳೋದು ಮೊನ್ನೆಯ ನೀರಿನ ಕಥೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆ ಗೆಳೆಯರಿದ್ದರೆ ರಜೆಯಲ್ಲಿ ಕಣ್ವ ಜಲಾಶಯಕ್ಕೆ ಒಂದು ಟ್ರಿಪ್ ಗ್ಯಾರಂಟಿ. ದಡ ಮುಟ್ಟಿದ ಕೂಡಲೇ ನಮ್ಮಲ್ಲೊಬ್ಬ ಕೇಳೇ ಕೇಳ್ತಾನೆ: "ನೀರು ತಿಳಿಯಾಗಿದೆ ಕಣ್ರೋ, ಇಳಿಯೋಣ್ವಾ?" ಈ ಪ್ರಶ್ನೆಗೆ ಕಣ್ಣು ಉತ್ತರ ಕೊಡಲ್ಲ. ಬ್ಯಾಕ್ಟೀರಿಯಾ ಇದ್ದರೂ ನೀರು ತಿಳಿಯಾಗೇ ಕಾಣಬಹುದು.

ಹಾಗಾದ್ರೆ ಅಳೆಯೋದು ಹೇಗೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ಸ್ನಾನಕ್ಕೆ ಬಿ ವರ್ಗ. ಅದರಲ್ಲಿ 100 ಮಿ.ಲೀ. ನೀರಿಗೆ ಒಟ್ಟು ಕೋಲಿಫಾರ್ಮ್ 500 ಎಂಪಿಎನ್ ಮೀರಬಾರದು. ಎಂಪಿಎನ್ ಅಂದರೆ 'ಅತಿ ಸಂಭವನೀಯ ಸಂಖ್ಯೆ'. ಕೋಲಿಫಾರ್ಮ್‌ಗಳಲ್ಲಿ ಹೆಚ್ಚಿನವು ತಾವೇ ರೋಗ ತರುವುದಿಲ್ಲ. ಚರಂಡಿ ನೀರು ಸೇರಿರಬಹುದು ಅನ್ನೋ ಸುಳಿವು ಕೊಡುತ್ತವೆ.

ಲ್ಯಾಬಿನಲ್ಲಿ ಲ್ಯಾಕ್ಟೋಸ್ ಇರುವ ದ್ರಾವಣದ 15 ಟ್ಯೂಬ್ ಇಡುತ್ತಾರೆ. ಐದಕ್ಕೆ 10 ಮಿ.ಲೀ., ಐದಕ್ಕೆ 1, ಐದಕ್ಕೆ 0.1 ಮಿ.ಲೀ. ಮಾದರಿ ನೀರು. ಗ್ಯಾಸ್ ಬಂದ ಟ್ಯೂಬ್ ಎಣಿಸಿ ಕೋಷ್ಟಕ ನೋಡಬೇಕು. 5-5-1 ಬಂದರೆ 350. 5-5-2 ಬಂದರೆ 540. ಒಂದೇ ಟ್ಯೂಬ್ ಹೆಚ್ಚಾದರೆ ನೀರು ಮಿತಿ ದಾಟಿತು! ಅದಕ್ಕೇ ಒಂದು ಸಲದ ಫಲಿತಾಂಶ ನಂಬಿ ಕೂರಬಾರದು.

ಇನ್ನೊಂದು ತೊಡಕು, ಸಮಯ. ಮೊದಲ ಹಂತಕ್ಕೇ 48 ಗಂಟೆ ಬೇಕಾಗಬಹುದು, ಖಚಿತಪಡಿಸಲು ಮತ್ತೆ ಅಷ್ಟೇ. ಅಷ್ಟರಲ್ಲಿ ಒಂದು ಜೋರು ಮಳೆ ಬಂದರೆ ಊರಿನ ಕೊಳೆ, ದನದ ಸಗಣಿ ಎಲ್ಲಾ ಕೆರೆಗೇ. ಅಂದರೆ ಬೋರ್ಡಿನ ಅಂಕಿ ಹೇಳೋದು ಹಳೇ ನೀರಿನ ಕಥೆ.

2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿ, ಹೊನ್ನಾವರ ಬಳಿಯ ಕಾಸರಕೋಡು ಕಡಲತೀರಗಳಲ್ಲಿ ಸ್ನಾನದ ನೀರಿನ ಗುಣಮಟ್ಟವನ್ನು ಜನರಿಗೆ ಕಾಣುವಂತೆ ಹಾಕಬೇಕೆಂಬ ನಿಯಮವಿದೆ. ಅಮೆರಿಕದ ಈರಿ ಸರೋವರದ ಕೆಲವು ಬೀಚುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಮಳೆ, ಅಲೆ, ನೀರಿನ ಕದಡು ನೋಡಿ ಆ ದಿನದ ಬ್ಯಾಕ್ಟೀರಿಯಾವನ್ನು ಕಂಪ್ಯೂಟರ್ ಅಂದಾಜು ಮಾಡುತ್ತೆ.

ಮಳೆಮಾಪಕ, ಕದಡು ಸೆನ್ಸರ್, ಒಂದಿಷ್ಟು ಕೋಡ್, ಜೊತೆಗೆ ತಾಳೆ ನೋಡಲು ಲ್ಯಾಬ್ ಪರೀಕ್ಷೆ. ನಮ್ಮ ಕೆರೆಗೂ ಇಂಥದ್ದು ಯಾಕಾಗಬಾರದು? ಸಿವಿಲ್, ಇಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೂವರೂ ಸೇರಿದರೆ ಒಳ್ಳೇ ಫೈನಲ್ ಇಯರ್ ಪ್ರಾಜೆಕ್ಟು.

ಅಲ್ಲಿವರೆಗೆ? ಮಳೆ ಬಂದ ಎರಡು ಮೂರು ದಿನ ನೀರಿಗೆ ಇಳಿಯೋದು ಬೇಡ. ಮೈಮೇಲೆ ಗಾಯ ಇದ್ದರಂತೂ ಬೇಡವೇ ಬೇಡ. ಬೋರ್ಡು ಇಲ್ಲ ಅಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಅಂತಲ್ಲ, ಯಾರೂ ಅಳೆದಿಲ್ಲ ಅಂತಲೂ ಇರಬಹುದು.